ಕಸೂತಿಯ ಬೆನ್ನನ್ನು ಹಲಗೆಗೆ ಅಂಟಿಸಬೇಡಿ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನಮ್ಮ ಜವಳಿ ವಿಭಾಗದ ಗುಂಪಿನಲ್ಲಿ ನೀವು ಹಾಕಿದ ಪ್ರದರ್ಶನದ ಯೋಜನೆಯನ್ನು ಪೂರ್ತಿ ಓದಿದೆ. ಇದನ್ನೆಲ್ಲ ಒತ್ತುತ್ತಾ ಕುಳಿತರೆ ಮಧ್ಯಾಹ್ನವಾದೀತು, ಅದಕ್ಕೆ ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾಗುತ್ತದೆ. ಕೇಳುವಾಗ ಕೈಯಲ್ಲಿ ಸೂಜಿ ದಾರ ಇಟ್ಟುಕೊಳ್ಳಿ, ಹೊತ್ತು ದಂಡವಾಗುವುದಿಲ್ಲ. ಹಿಂದೆ ಕುಕ್ಕರ್ ಕೂಗಿದರೆ ಕ್ಷಮಿಸಿ.

ನೀವು ಬರೆದಿರುವುದು ಇಷ್ಟು: ನಮ್ಮ ಉತ್ತರ ಕರ್ನಾಟಕದ, ಎಳೆ ಎಣಿಸಿ ಹಾಕುವ ಕಸೂತಿಯ ತುಣುಕುಗಳನ್ನು ಹಲಗೆಗೆ ಅಂಟಿಸಿ ಗಾಜಿನ ಚೌಕಟ್ಟು ಹಾಕಿಸುವುದು, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿದ ಕೌದಿಗಳನ್ನು ಎರವಲು ತಂದು ಕ್ಲಿಪ್ ಹಾಕಿ ತೂಗುಬಿಡುವುದು, ಇಳಕಲ್ಲಿನಿಂದ ಒಬ್ಬ ನೇಕಾರರನ್ನು ಕರೆಸಿ ಕೂರಿಸುವುದು, ಎಲ್ಲವನ್ನೂ ಆಗಸ್ಟ್ 7ರಂದು ಆರಂಭಿಸುವುದು. ನಿಮ್ಮ ಹುಮ್ಮಸ್ಸು ನನಗೆ ಇಷ್ಟವಾಯಿತು. ಆದರೆ ಮೊದಲನೆಯದಕ್ಕೆ ನಾನು ಸುತರಾಂ ಒಪ್ಪುವುದಿಲ್ಲ.

ಕಸೂತಿಯಲ್ಲಿ ನೋಡಬೇಕಾದದ್ದು ಅರ್ಧ ಹಿಂಬದಿಯಲ್ಲಿದೆ. ಇದರಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ. ಗೆರೆಯಂತೆ ಹೋಗಿ ಅದೇ ದಾರಿಯಲ್ಲಿ ವಾಪಸು ಬರುವ ಗವಂತಿ ಮತ್ತು ಮೆಟ್ಟಿಲಿನಂತೆ ಏರುವ ಮುರಗಿ ಹೊಲಿಗೆಗಳು ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುತ್ತವೆ. ನೇಯ್ಗೆಯಂತೆ ಕಾಣುವ ನೇಗಿಯಲ್ಲಿ ಮುಂದೆ ದಾರ ಎದ್ದ ಕಡೆ ಹಿಂದೆ ಖಾಲಿ, ಹಿಂದೆ ಎದ್ದ ಕಡೆ ಮುಂದೆ ಖಾಲಿ. ಅಡ್ಡಕತ್ತರಿಯಂತೆ ಹಾಕುವ ಮೆಂತೆಗೆ ಮುಂದೆ ಒಂದು ಮುಖ, ಹಿಂದೆ ಇನ್ನೊಂದು. ನಾಲ್ಕೂ ಹೊಲಿಗೆಗಳ ವ್ಯತ್ಯಾಸ ಬಟ್ಟೆಯನ್ನು ತಿರುಗಿಸಿದ ಕೂಡಲೇ ತಿಳಿಯುತ್ತದೆ. ಹಲಗೆಗೆ ಅಂಟಿಸಿದರೆ ಅದು ಹೋಯಿತು. ಗೋಂದು ಕೆಲವು ವರ್ಷಗಳಲ್ಲಿ ಹಳದಿಯಾಗಿ ಬಟ್ಟೆಯನ್ನೂ ತಿನ್ನುತ್ತದೆ, ಬಿಡಿಸಲು ಹೋದರೆ ಎಳೆ ಕೀಳುತ್ತದೆ. ಪೇಟೆಯಲ್ಲಿ ಕಂಪ್ಯೂಟರ್ ಯಂತ್ರದ ಕೆಲಸವೂ ಕಸೂತಿಯ ಹೆಸರಿನಲ್ಲೇ ಮಾರಾಟವಾಗುತ್ತಿದೆ. ಇಂಥ ಊರಿನದೇ ಕೆಲಸ ಎಂದು ಹೆಸರನ್ನು ಕಾಯುವ ಭೌಗೋಳಿಕ ಸೂಚಕ ಕಸೂತಿಗೆ ಸಿಕ್ಕಿದ್ದರೂ ಕೊಳ್ಳುವವರಿಗೆ ಗುರುತು ಹಿಡಿಯಲು ಯಾರೂ ಕಲಿಸಿಲ್ಲ. ಯಂತ್ರದ ಕೆಲಸದ ಹಿಂಬದಿಯ ಕಾಗದದ ಅಸ್ತರಿಯನ್ನೂ ಅಡಿಯ ಬಾಬಿನ್ ದಾರವನ್ನೂ ಒಮ್ಮೆ ತೋರಿಸಿಬಿಟ್ಟರೆ ನೋಡಿದವರು ಮುಂದೆ ಮೋಸ ಹೋಗುವುದಿಲ್ಲ. ಒಂದು ಯಂತ್ರದ ತುಣುಕನ್ನೂ ಬೇಕೆಂದೇ ಪಕ್ಕದಲ್ಲಿ ಇಡಿ.

ಹಾಗಾದರೆ ತೂಗುಹಾಕುವುದು ಹೇಗೆ? ಮರದ ಖಾಲಿ ಚೌಕಟ್ಟಿಗೆ ತೊಳೆದ ಕೋರಾ ಬಟ್ಟೆಯ ಪಟ್ಟಿಗಳನ್ನು ಬಿಗಿದು, ಕಸೂತಿಯ ಅಂಚನ್ನು ಆ ಪಟ್ಟಿಗೆ ಕೈಹೊಲಿಗೆಯಿಂದ ಹಿಡಿಸಿ. ಹಿಂದೆ ಏನೂ ಬೇಡ. ಚೌಕಟ್ಟನ್ನು ಗೋಡೆಗೆ ಒರಗಿಸದೆ ಮಾಡಿನಿಂದ ಇಳಿಬಿಟ್ಟರೆ ಜನ ಸುತ್ತು ಬಂದು ನೋಡಬಹುದು. ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯನ್ನು ಮಾತ್ರ ತೂಗುಹಾಕಬೇಡಿ, ಹಳೆಯ ಸೀರೆ ತನ್ನ ಭಾರಕ್ಕೆ ತಾನೇ ಸೀಳುತ್ತದೆ. ಅದನ್ನು ಮೇಜಿನ ಮೇಲೆ ಹರವಿ, ಸೆರಗಿನ ಒಂದು ಮೂಲೆಯನ್ನು ಮಡಿಸಿ ಹಿಂಬದಿ ಕಾಣುವಂತೆ ಬಿಡಿ. ಕಪ್ಪು ನೆಲದ ಮೇಲೆ ಎಳೆ ಎಣಿಸಿ ತೇರನ್ನೂ ಗೋಪುರವನ್ನೂ ಎಬ್ಬಿಸಿದವರ ಕಣ್ಣು ಎಂಥದ್ದು ಎಂಬುದು ಹತ್ತಿರದಿಂದ ನೋಡಿದಾಗಲೇ ಗೊತ್ತಾಗುವುದು.

ಈಗ ಮೊದಲ ವರ್ಷದ ತಂಗಿ ಕೇಳಿದ ಪ್ರಶ್ನೆ. ತುಳಸಿಕಟ್ಟೆಯನ್ನು ಗವಂತಿಯಲ್ಲಿ ಹಾಕುವಾಗ ಗಂಟಿಲ್ಲದೆ ವಾಪಸು ಬರಲು ಆಗುತ್ತಿಲ್ಲ, ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತೇನೆ ಎಂದಿದ್ದಾಳೆ. ತಂಗಿ, ತೊಂದರೆ ನಿನ್ನ ಕೈಯಲ್ಲಿಲ್ಲ, ದಾರಿಯಲ್ಲಿದೆ. ಮೊದಲು ಚೌಕಳಿ ಹಾಳೆಯಲ್ಲಿ ವಿನ್ಯಾಸ ಬರೆದು, ಪೆನ್ಸಿಲ್ಲಿನಿಂದ ಬಾಣದ ಗುರುತು ಹಾಕಿಕೊ. ಹೋಗುವಾಗ ಒಂದು ಹೊಲಿಗೆ, ಒಂದು ಖಾಲಿ, ಒಂದು ಹೊಲಿಗೆ, ಒಂದು ಖಾಲಿ. ಕವಲು ಬಂದರೆ ನೇರ ಮುಂದೆ ಓಡಬೇಡ. ಕವಲಿನ ತುದಿಯವರೆಗೆ ಹೋಗಿ, ಖಾಲಿ ಬಿಟ್ಟದ್ದನ್ನು ತುಂಬುತ್ತಾ ಅದೇ ದಾರಿಯಲ್ಲಿ ಕಾಂಡಕ್ಕೆ ಮರಳಿ, ಆಮೇಲೆ ಮುಂದಕ್ಕೆ ನಡೆ. ಎಲ್ಲ ಕವಲುಗಳನ್ನೂ ಹೋಗುವಾಗಲೇ ಮುಗಿಸಿದರೆ ಬರುವಾಗ ಕಾಂಡದ ಖಾಲಿ ಜಾಗ ಮಾತ್ರ ಉಳಿಯುತ್ತದೆ, ಶುರು ಮಾಡಿದ ತೂತಿಗೇ ಬಂದು ಸೇರುತ್ತೀಯ. ನೀನು ಕಳುಹಿಸಿದ ಫೋಟೋದಲ್ಲಿ ಎಡಗಡೆಯ ಎರಡು ಕವಲುಗಳನ್ನು ಹಿಂದಿರುಗುವಾಗ ಮಾಡೋಣ ಎಂದು ಬಿಟ್ಟಿದ್ದೀಯ. ಸಿಕ್ಕಿಬಿದ್ದದ್ದು ಅಲ್ಲೇ.

ಗೆರೆ ಸೊಟ್ಟಗಾಗುತ್ತದೆ ಎಂದೂ ನೀನು ಬರೆದಿದ್ದೆ. ವಾಪಸು ಬರುವಾಗ ಸೂಜಿ ಏಳುವುದು ಯಾವಾಗಲೂ ಹಳೆಯ ಹೊಲಿಗೆಯ ಮೇಲ್ಬದಿಯಿಂದ, ಇಳಿಯುವುದು ಮುಂದಿನ ಹೊಲಿಗೆಯ ಕೆಳಬದಿಯಲ್ಲಿ ಎಂದು ಒಂದೇ ನೇಮ ಇಟ್ಟುಕೊ. ಒಮ್ಮೆ ಮೇಲೆ ಒಮ್ಮೆ ಕೆಳಗೆ ಆದರೆ ಗೆರೆ ಕುಣಿಯುತ್ತದೆ. ಆರಂಭದಲ್ಲಿ ಗಂಟಿನ ಬದಲು ಬೆರಳಗಲ ದಾರ ಬಿಟ್ಟು, ಕೊನೆಗೆ ಅದನ್ನು ಹೊಲಿಗೆಗಳ ಒಳಗೇ ತೂರಿಸು. ಸದ್ಯ ದಪ್ಪ ಎಳೆಯ ಮ್ಯಾಟಿ ಬಟ್ಟೆಯ ಮೇಲೆ ಕೈ ಕುದುರಲಿ, ಇಳಕಲ್ ಸೀರೆಯ ಸಣ್ಣ ಎಳೆಗೆ ಆಮೇಲೆ ಬಾ.

ಕೌದಿಗಳ ವಿಷಯಕ್ಕೆ ಬರೋಣ. ಇದರಲ್ಲಿ ನನಗೆ ಚಿಂತೆ ಹೆಚ್ಚು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮನೆಗಳಲ್ಲಿ ಕೌದಿ ಹೊದೆಯಲು, ಹಾಸಲು ಇರುವ ವಸ್ತು. ಮಳೆಗಾಲದ ನಡುವೆ ಹೋಗಿ ಹೊದಿಕೆ ಕೊಡಿ, ಗೋಡೆಗೆ ಹಾಕುತ್ತೇವೆ ಎಂದು ಕೇಳುತ್ತೀರಾ? ಆಗಸ್ಟ್ 7 ಬೇಡ ಎನ್ನಲು ನನಗೆ ಇದೊಂದೇ ಸಾಕು. ಅದು 2015ರಿಂದ ರಾಷ್ಟ್ರೀಯ ಕೈಮಗ್ಗ ದಿನ, 1905ರ ಸ್ವದೇಶಿ ಚಳವಳಿಯ ನೆನಪಿನ ದಿನ ಎಂಬುದು ನಿಜ. ಹಾಗಾಗಿಯೇ ಆ ವಾರ ಒಳ್ಳೆಯ ನೇಕಾರರು ನಿಮ್ಮ ಕೈಗೆ ಸಿಗುವುದೂ ಕಷ್ಟ. ಮೇಲಾಗಿ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಸಭಾಂಗಣದ ಗೋಡೆ ಬೆವರುತ್ತದೆ, ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಡಿಸೆಂಬರ್ ಇಟ್ಟುಕೊಳ್ಳಿ.

ಕ್ಲಿಪ್ ಬೇಡವೇ ಬೇಡ. ಪದರದ ಮೇಲೆ ಪದರ ಇರುವ ಕೌದಿಯ ಭಾರವೆಲ್ಲ ಕ್ಲಿಪ್ ಕಚ್ಚಿದ ನಾಲ್ಕಾರು ಕಡೆ ಬೀಳುತ್ತದೆ. ಹಿಂಬದಿಯ ಮೇಲಂಚಿಗೆ ಉದ್ದಕ್ಕೂ ಬಟ್ಟೆಯ ನಾಳ ಹೊಲಿದು ಅದರಲ್ಲಿ ಕೋಲು ತೂರಿಸುವುದು ಸರಿಯಾದ ಕ್ರಮ. ಆದರೆ ಇನ್ನೊಬ್ಬರ ಕೌದಿಗೆ ಸೂಜಿ ಚುಚ್ಚುವ ಮೊದಲು ಒಡತಿಯನ್ನು ಕೇಳಬೇಕು. ಅವರು ಬೇಡ ಎಂದರೆ ಇಳಿಜಾರು ಹಲಗೆಯ ಮೇಲೆ ಹಾಸಿ. ನಾಲ್ಕು ಮೂಲೆಗಳ ಫುಲ, ಅಂದರೆ ಹೂವಿನ ಹಾಗೆ ಹೊಲಿದ ಸಣ್ಣ ಬಟ್ಟೆ ತುಂಡುಗಳು, ಮಡಿಕೆಯಲ್ಲಿ ಅಡಗದಂತೆ ನೋಡಿಕೊಳ್ಳಿ, ಅವಿಲ್ಲದಿದ್ದರೆ ಮಾಡಿದವರ ಪಾಲಿಗೆ ಕೌದಿ ಮುಗಿದೇ ಇಲ್ಲ. ಮೂಲೆಯಿಂದ ಶುರುವಾಗಿ ಅಂಚಿನಗುಂಟ ಸುತ್ತುತ್ತಾ ನಡುವಿಗೆ ಬಂದು ಸೇರುವ ಹೊಲಿಗೆಯ ಸಾಲು ಕಾಣಬೇಕಾದರೂ ಇಡೀ ಕೌದಿ ಹರವಿರಬೇಕು. ತರುವಾಗ ಮಡಿಸದೆ ಸುರುಳಿ ಸುತ್ತಿ ತನ್ನಿ. ಕೊಳೆಯಾಗಿದೆ ಎಂದು ತೊಳೆಯಲು ಹೋಗಬೇಡಿ, ಹಳೆಯ ಕೆಂಪು ಬಣ್ಣ ಬಿಟ್ಟರೆ ಅಕ್ಕಪಕ್ಕದ ತುಂಡುಗಳೆಲ್ಲ ಕೆಟ್ಟವು. ತೆಗೆದುಕೊಳ್ಳುವಾಗಲೇ ಫೋಟೋ, ಹರಿದ ಜಾಗದ ವಿವರ, ಹಿಂತಿರುಗಿಸುವ ದಿನ ಬರೆದು ಒಂದು ಪ್ರತಿ ಅವರಿಗೂ ಕೊಡಿ. ಪಕ್ಕದ ಚೀಟಿಯಲ್ಲಿ "ಅಜ್ಞಾತ ಕಲಾವಿದೆ" ಎಂದು ಬರೆಯಲು ಹೊರಟಿದ್ದೀರಲ್ಲ, ಮನೆಗೆ ಹೋಗಿ ಚಹಾ ಕುಡಿದು ಬಂದವರಿಗೆ ಅವರು ಅಜ್ಞಾತರು ಹೇಗಾದರು? ಹೆಸರು ಕೇಳಿ, ಅವರು ಹೇಳಿದ ಹಾಗೆಯೇ ಬರೆಯಿರಿ. ಹೆಸರು ಬೇಡವೆಂದರೆ ಅದಕ್ಕೂ ಸರಿ ಎನ್ನಿ.

ನೇಕಾರರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನೆಲದಲ್ಲಿ ಗುಂಡಿ ತೋಡಿ ಹೂಡಿದ ಕುಣಿ ಮಗ್ಗವನ್ನು ಕಿತ್ತು ತರಲಾಗದು, ಬರಿಗೈಯಲ್ಲಿ ಅವರನ್ನು ಕುರ್ಚಿಯ ಮೇಲೆ ಕೂರಿಸಿದರೆ ಅವರಿಗೂ ಮುಜುಗರ. ಇಳಕಲ್ ಸೀರೆಯ ಟೋಪ್ ತೆನಿ ಎಂಬ ಸೆರಗಿನ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಸೀರೆಯ ಒಡಲಿನ ಉದ್ದದ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವ ಕೆಲಸವನ್ನಾದರೆ ಸಣ್ಣ ಚೌಕಟ್ಟಿನ ಮೇಲೆ ತೋರಿಸಬಹುದು. ಈ ಜೋಡಣೆಗಾಗಿಯೇ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿ ಸಿದ್ಧಪಡಿಸಬೇಕು. ಸೀರೆಯ ಬೆಲೆ ಕೇಳಿ ಹುಬ್ಬೇರಿಸುವವರು ಇದನ್ನು ನೋಡಲಿ. ಬಂದ ದಿನಗಳ ಕೂಲಿ, ಪ್ರಯಾಣ, ಊಟ ಎಲ್ಲವನ್ನೂ ನಿಮ್ಮ ಖರ್ಚಿನ ಪಟ್ಟಿಯ ಮೊದಲ ಸಾಲಿಗೆ ಹಾಕಿ. ಶಾಲು, ಹಾರ, ನೆನಪಿನ ಕಾಣಿಕೆಗೆ ಬರೆದಿರುವ ಹಣ ಅದಕ್ಕೇ ಹೋಗಲಿ.

ಬೆಳಕಿನ ಮಾತು ಉಳಿಯಿತು. ವಸ್ತುಸಂಗ್ರಹಾಲಯಗಳಲ್ಲಿ ಬಟ್ಟೆಯ ಮೇಲೆ ಬೀಳುವ ಬೆಳಕಿನ ಅಳತೆ 50 ಲಕ್ಸ್ ಮೀರದಂತೆ ನೋಡಿಕೊಳ್ಳುತ್ತಾರೆ. ನಮ್ಮ ಸಭಾಂಗಣದ ಪಡುವಣ ಕಿಟಕಿಗಳಿಂದ ಮಧ್ಯಾಹ್ನದ ಮೇಲೆ ಬಿಸಿಲು ನೇರ ಒಳಗೆ ಬರುತ್ತದೆ. ಗಾಜಿನ ಚೌಕಟ್ಟಿಗೆ ಮೀಸಲಿಟ್ಟ ದುಡ್ಡಿನಲ್ಲಿ ದಪ್ಪ ಕೋರಾ ಪರದೆ ಹೊಲಿಸೋಣ. ಸಭಾಂಗಣದ ಕೀಲಿ ಯಾರ ಬಳಿ ಇದೆಯೋ ಅವರು ಕಿಟಕಿಗಳ ಅಗಲ ಎತ್ತರ ಅಳೆದು ಇಲ್ಲಿ ಹಾಕಿ. ಭಾನುವಾರ ನಾನು ಹುಬ್ಬಳ್ಳಿಯ ಪೇಟೆಗೆ ಹೋಗುತ್ತಿದ್ದೇನೆ, ಶನಿವಾರ ಸಂಜೆಯೊಳಗೆ ಅಳತೆ ಬಂದರೆ ಬಟ್ಟೆ ತರುತ್ತೇನೆ.