ಪುಟ್ಟಿ, ಮೊದಲು ಆ ಸೆಲ್ ಎತ್ತಿಡು

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ಅಪ್ಪನ ಹೊಸ ಕಿವಿ ಮಿಷನ್ನು ಹಾಕಿದ ತಕ್ಷಣ ಕುಂಯ್ ಅನ್ನುತ್ತದೆ, ತೆಗೆದು ಡ್ರಾಯರಿಗೆ ಹಾಕಿಬಿಟ್ಟಿದ್ದಾರೆ, ಕೆಟ್ಟಿದೆಯಾ, ವಾಪಸ್ ಕೊಟ್ಟುಬಿಡೋಣವಾ ಅಂತ ಕೇಳಿದ್ದೀಯ. ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದು. ವಾಯ್ಸ್ ಮೆಸೇಜು ಹಾಕಿದರೆ ಅರ್ಧ ಜನ ಕೇಳುವುದೇ ಇಲ್ಲ, ಅದಕ್ಕೇ ಮಾತಾಡಿದ ಹಾಗೆ ಬರೆದೇ ಹಾಕುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ಮಾತು. ನೀನು ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಮಿಷನ್ ಯಾವುದು ನೋಡೋಣ ಅಂತ ನೋಡಿದರೆ ಕಣ್ಣಿಗೆ ಬಿದ್ದದ್ದೇ ಬೇರೆ. ಮೇಜಿನ ಮೇಲೆ ಅಪ್ಪನ ಬಿಪಿ ಮಾತ್ರೆ. ಅದಕ್ಕೆ ಅಂಟಿಕೊಂಡೇ ಒಂದು ಬಿಡಿ ಸೆಲ್ಲು, ಸ್ಟಿಕ್ಕರ್ ಕಿತ್ತದ್ದು. ಮಿಷನ್ ಕಥೆ ಆಮೇಲೆ. ಈಗ ಎದ್ದು ಹೋಗಿ ಆ ಸೆಲ್ಲನ್ನು ಅಲ್ಲಿಂದ ತೆಗೆ. ತೆಗೆದೆಯಾ? ತೆಗೆದ ಮೇಲೆ ಮುಂದೆ ಓದು.

ನಿಮ್ಮ ಮಾವನ ಸಂಗತಿ ದೊಡ್ಡವರಿಗೆಲ್ಲ ಗೊತ್ತು. ನೀವು ಚಿಕ್ಕವರು ನಕ್ಕು ಮರೆತಿರುತ್ತೀರಿ. ನನಗೆ ಬೆರಳು ಬಿಗಿಯಲ್ವಾ, ಮಿಷನ್ನಿನ ಸೆಲ್ ಬದಲಾಯಿಸುವುದು ಆಗೆಲ್ಲ ಅವರದೇ ಕೆಲಸ. ಒಂದು ರಾತ್ರಿ ಸೆಲ್ ಮುಗಿಯಿತು ಅಂತ ಮಿಷನ್ನು ಕಿವಿಯಲ್ಲಿ ಟಿಣ್ ಟಿಣ್ ಅಂದಿತು. ಅವರಿಗೆ ಕೊಟ್ಟೆ. ಹಳೇ ಸೆಲ್ ತೆಗೆದರು, ಹೊಸದು ಹಾಕಿದರು. ಹಳೇದನ್ನು ಎಲ್ಲಿಟ್ಟರು ಗೊತ್ತಾ? ಮಾತ್ರೆ ಡಬ್ಬಿಯ ಮುಚ್ಚಳದೊಳಗೆ. ಬೆಳಿಗ್ಗೆ ಬಿಸಾಕಿದರಾಯಿತು ಅಂತ. ಅದೇ ಮುಚ್ಚಳಕ್ಕೆ ಮಲಗುವಾಗ ತಗೊಳ್ಳುವ ಮಾತ್ರೆಗಳನ್ನೂ ಬಿಡಿಸಿ ಇಟ್ಟಿದ್ದರು.

ಮಲಗುವ ಹೊತ್ತು. ಕನ್ನಡಕ ತೆಗೆದಾಗಿತ್ತು, ದೀಪ ಸಣ್ಣದು. ಮುಚ್ಚಳ ಅಂಗೈಗೆ ಬಗ್ಗಿಸಿ, ಬಾಯಿಗೆ ಹಾಕಿಕೊಂಡು, ನೀರು ಕುಡಿದರು. ಆಮೇಲೆ ಏನೋ ಅಂದರು. ನಾನು ಮಿಷನ್ ತೆಗೆದಿಟ್ಟಿದ್ದೆ, ಕೇಳಿಸಲಿಲ್ಲ. ಇನ್ನೊಂದು ಸಲ ಅಂದರು. ಕೊನೆಗೆ ನನ್ನ ಮುಖದ ಹತ್ತಿರ ಬಂದು, "ಇವತ್ತಿನ ಮಾತ್ರೆ ಯಾಕೋ ತಣ್ಣಗಿತ್ತು ಕಣೇ" ಅಂದರು. ನಾನು ದೊಡ್ಡ ಲೈಟು ಹಾಕಿ ಮುಚ್ಚಳ ನೋಡಿದರೆ ಮೂಲೆಯಲ್ಲಿ ಒಂದು ಬಿಳೀ ಮಾತ್ರೆ ಹಾಗೇ ಕೂತಿದೆ. ಸೆಲ್ ಇಲ್ಲ. ನೆಲದ ಮೇಲೆ ಹುಡುಕಿದೆವು, ಹಾಸಿಗೆ ಕೊಡವಿದೆವು. ಎಲ್ಲೂ ಇಲ್ಲ.

ಪಕ್ಕದ ಮನೆಯವರು ಬಂದರು. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿ ಅಂದರು. ನಾನು ಬೇಡ ಅಂದೆ. ಯಾಕೆ ಅಂದೆನೋ, ಕೆಳಗೆ ಹೋದದ್ದನ್ನು ಮತ್ತೆ ಗಂಟಲಿಗೆ ಎಳೆದು ತರುವುದು ನನಗೆ ಸರಿ ಕಾಣಲಿಲ್ಲ. ಸೀದಾ ಆಸ್ಪತ್ರೆಗೆ ಹೋದೆವು. ಡಾಕ್ಟರು ಮೊದಲು ಕೇಳಿದ್ದು, "ಸೆಲ್ಲಿನ ಪ್ಯಾಕೆಟ್ ತಂದಿದ್ದೀರಾ?" ಪುಣ್ಯಕ್ಕೆ ಬ್ಯಾಗಿನಲ್ಲಿತ್ತು. ಕೇಸರಿ ಸ್ಟಿಕ್ಕರಿನ 13ನೇ ನಂಬರಿನದು. ಸುಮಾರು 8 ಮಿಲಿಮೀಟರ್ ಅಗಲ, ಮಾತ್ರೆಯಷ್ಟೇ ಅಲ್ವಾ. ಎಕ್ಸ್‌ರೇ ತೆಗೆದರು. ಹೊಟ್ಟೆಯಲ್ಲಿ ಬೆಳ್ಳಗೆ, ಗುಂಡಗೆ, ಅಂಚು ಸಮೇತ ಕಾಣಿಸಿತು. ಗಂಟಲು ದಾಟಿ ಇಳಿದಿದೆ, ಬಚಾವಾದಿರಿ ಅಂದರು. ವಾಂತಿ ಮಾಡಿಸದೆ ಇದ್ದದ್ದೇ ಒಳ್ಳೆಯದಾಯಿತು ಅಂತಲೂ ಹೇಳಿದರು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ಒದ್ದೆಗೆ ಕರೆಂಟ್ ಹರಿದು ಒಳಗೆ ಸುಡುತ್ತದಂತೆ. ಮಿಷನ್ನಿಗೆ ಸಾಲದ ಸತ್ತ ಸೆಲ್ಲಿನಲ್ಲೂ ಅಷ್ಟು ಮಾಡುವ ಕಸುವು ಉಳಿದಿರುತ್ತದಂತೆ. ಆಮೇಲಿನ ದಿನಗಳಲ್ಲಿ ಅದು ಹೊರಗೆ ಬಂತಾ ಅಂತ ನಾವು ಹೇಗೆ ನೋಡಿದೆವು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಊಟ ಮಾಡುತ್ತಾ ಓದುವವರಿದ್ದೀರಿ. ಬಂತು. ಅಷ್ಟೇ.

ಅದಕ್ಕೇ ಹೇಳುತ್ತಿರುವುದು. ಸೆಲ್ಲು ಬೇರೆ ಕಡೆ, ಮಾತ್ರೆ ಬೇರೆ ಕಡೆ. ಒಂದೇ ಮೇಜು ಬೇಡ, ಒಂದೇ ಡ್ರಾಯರ್ ಬೇಡ. ಹಳೇ ಸೆಲ್ಲನ್ನು ತೆಗೆದ ಕೈಯಲ್ಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಎತ್ತರದಲ್ಲಿಡು. ನಿನ್ನ ಮನೆಯಲ್ಲಿ ತೆವಳುವ ಮಗು ಬೇರೆ ಇದೆ. ಅದು ನುಂಗಿದರೆ ತಣ್ಣಗಿತ್ತು ಅಂತ ಬಂದು ಹೇಳುವುದಿಲ್ಲ. ಮೂಗಿಗೋ ಕಿವಿಗೋ ತುರುಕಿಕೊಂಡರೂ ಅಷ್ಟೇ ಕೆಟ್ಟದ್ದು, ನಾಳೆ ನೋಡೋಣ ಅನ್ನುವಂತಿಲ್ಲ. ಟಿವಿ ರಿಮೋಟಿನಲ್ಲಿ ಕೆಲವದರಲ್ಲಿ ಇರುತ್ತದಲ್ಲ, ನಾಣ್ಯದಂಥ ಲಿಥಿಯಂ ಸೆಲ್ಲು, ಅದಂತೂ ಇನ್ನೂ ಅಪಾಯ. ಗಂಟಲಲ್ಲಿ ನಿಂತರೆ 2 ಗಂಟೆಯೊಳಗೇ ಸುಟ್ಟುಬಿಡಬಹುದು.

ಎಲ್ಲಿದ್ದೆ? ಹಾಂ, ಸೆಲ್ಲು. ಇನ್ನೊಂದು ಗಮನಿಸಿದೆ. ಫೋಟೋದಲ್ಲಿ ಆ ಶೀಟಿನ ಸೆಲ್ಲುಗಳಿಗೆಲ್ಲ ಸ್ಟಿಕ್ಕರ್ ಕಿತ್ತಿಟ್ಟಿದ್ದಾನೆ ನಿಮ್ಮಪ್ಪ. ಅವನು ಚಿಕ್ಕವನಿದ್ದಾಗಲೂ ಹಾಗೇ, ಏನು ಸಿಕ್ಕರೂ ಬಿಚ್ಚಿಡಬೇಕು. ಈ ಸೆಲ್ಲು ಗಾಳಿ ಕುಡಿದು ಕೆಲಸ ಮಾಡುವುದು. ಒಳಗೆ ಸತು ಇರುತ್ತದೆ, ಮೇಲಿನ ಸಣ್ಣ ತೂತುಗಳಿಂದ ಗಾಳಿ ಹೋದ ಕೂಡಲೇ ಅದು ಶುರು. ಸ್ಟಿಕ್ಕರ್ ವಾಪಸ್ ಅಂಟಿಸಿದರೆ ನಿಲ್ಲುವುದಿಲ್ಲ, ಹಾಕದೆ ಇಟ್ಟರೂ ಖರ್ಚಾಗುತ್ತಲೇ ಇರುತ್ತದೆ. ಬೇಕಾದಾಗ ಒಂದೊಂದೇ ಕೀಳಬೇಕು. ಕಿತ್ತ ಮೇಲೆ ಒಂದೆರಡು ನಿಮಿಷ ಹಾಗೇ ಬಿಟ್ಟು ಆಮೇಲೆ ಮಿಷನ್ನಿಗೆ ಹಾಕಬೇಕು. ಅವಸರದಲ್ಲಿ ಹಾಕಿದರೆ ಪೂರ್ತಿ ಶಕ್ತಿ ಬರುವುದಿಲ್ಲ. ಹೊಸಾ ಸೆಲ್ಲೇ ಸತ್ತಿದೆ ಅಂತ ಬೈಯುತ್ತಾ ಕೂರುತ್ತಾರೆ.

ಮತ್ತೆ ಈ ಗುಂಪಿನಲ್ಲಿ ಕಿವಿಗೆ ಬೆಚ್ಚಗೆ ಎಣ್ಣೆ ಬಿಡಿ, ಕುಂಯ್ ಅನ್ನುವುದು ನಿಲ್ಲುತ್ತದೆ ಅಂತ ಬರೆದವರು ಯಾರು? ಹೆಸರು ಹೇಳುವುದಿಲ್ಲ, ನೀವೇ ತಿಳಿದುಕೊಳ್ಳಿ. ಎಣ್ಣೆ ಬಿಟ್ಟರೆ ಮೋಲ್ಡಿನ, ಅಂದರೆ ಕಿವಿಯೊಳಗೆ ಕೂರುವ ಅಚ್ಚಿನ, ತೂತು ಕಟ್ಟಿಕೊಂಡು ಇರುವ ಶಬ್ದವೂ ಹೋಗುತ್ತದೆ. ಬಡ್ಸ್ ಹಾಕಿ ಕೆದಕುವುದೂ ಬೇಡ, ಗುಗ್ಗೆ ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ. ಸಲಹೆ ಕೊಡುವುದಕ್ಕೆ ಎಲ್ಲರೂ ಮುಂದೆ. ಕಿವಿ ಕೇಳಿಸದವರ ಹತ್ತಿರ ಸರಿಯಾಗಿ ಮಾತಾಡುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಬಾಯಿಗೆ ಬಂತು ಅಂತ ಹೇಳಿಬಿಡುತ್ತೇನೆ. ಆ ಹಳೇ ಬೀರು ವಿಷಯ. ನಮ್ಮ ಅಮ್ಮನ ಬೀರು. ಅದನ್ನು ಯಾರಿಗೆ ಕೊಡುವುದು ಅಂತ ನೀವೆಲ್ಲ ತೀರ್ಮಾನ ಮಾಡಿದಿರಿ. ನಾನು ಕೇಳಿದರೆ, "ಆವತ್ತೇ ನಿಮಗೆ ಹೇಳಿದ್ವಲ್ಲ ಅತ್ತೆ, ತಲೆ ಆಡಿಸಿದ್ರಿ" ಅಂದಿರಿ. ಎಲ್ಲಿ ಹೇಳಿದ್ದು? ಓಡುವ ಕಾರಿನಲ್ಲಿ. ನಾನು ಹಿಂದಿನ ಸೀಟು, ಹೇಳಿದವನು ಮುಂದಿನ ಸೀಟು, ಅವನ ಮುಖ ರಸ್ತೆ ಕಡೆ, ಕಿಟಕಿ ತೆಗೆದಿದೆ, ಜೊತೆಗೆ ಹಾಡು ಬೇರೆ. ನಾನು ತಲೆ ಆಡಿಸಿದ್ದು ಹೌದು. ಗಾಳಿ ಜಾಸ್ತಿ ಆಯ್ತಾ ಅಂತ ಕೇಳಿದ ಹಾಗಿತ್ತು, ಅದಕ್ಕೆ ಆಡಿಸಿದೆ. ಬೀರು ಹೋಯಿತು.

ಅತ್ತೆಗೆ ಬೇಕಾದ್ದು ಮಾತ್ರ ಕೇಳಿಸುತ್ತದೆ ಅಂತ ನಗುತ್ತೀರಲ್ಲ, ಅದೂ ನನಗೆ ಗೊತ್ತು. ವಯಸ್ಸಾದ ಕಿವಿಯಲ್ಲಿ ಮೊದಲು ಹೋಗುವುದು ಸಣ್ಣ ದನಿ, ಅಂದರೆ ಕೀರಲು ದನಿ. ಗಂಡಸರ ದಪ್ಪ ದನಿ ಕೇಳಿಸುತ್ತದೆ, ಮಕ್ಕಳದು ಕೇಳಿಸುವುದಿಲ್ಲ. ಒಂದೇ ಮಾತಿನಲ್ಲೂ ಆ, ಓ ಅನ್ನುವುದು ಬರುತ್ತದೆ, ಸ, ಶ, ತ ಇವೆಲ್ಲ ಉದುರಿಹೋಗುತ್ತವೆ. ಶಬ್ದ ಬಂತು ಅಂತ ಗೊತ್ತಾಗುತ್ತದೆ, ಏನಂದರು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಇನ್ನೊಂದು ಸಲ ಹೇಳು ಅನ್ನುತ್ತೇವೆ. ಆಗ ನೀವು ಮಾಡುವುದು ಎರಡೇ. ಒಂದೋ ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತೀರಿ. ಮಿಷನ್ ಹಾಕಿದವರ ಕಿವಿಯಲ್ಲಿ ಕಿರುಚಿದರೆ ಅದು ಒಡೆದ ಶಬ್ದವಾಗಿ ಬರುತ್ತದೆ, ಹಿಂಸೆ. ಇಲ್ಲದಿದ್ದರೆ "ಏನಿಲ್ಲ ಬಿಡಿ ಅತ್ತೆ" ಅನ್ನುತ್ತೀರಿ. ಈ ಏನಿಲ್ಲ ಬಿಡಿ ಇದೆಯಲ್ಲ, ಕಿರುಚುವುದೇ ವಾಸಿ. ಎದುರಿಗೆ ಬಂದು, ಮುಖ ಕಾಣುವ ಹಾಗೆ, ಮಾಮೂಲಿ ದನಿಯಲ್ಲಿ, ಒಂಚೂರು ನಿಧಾನವಾಗಿ ಹೇಳಿ ಸಾಕು. ಕೇಳಿಸದಿದ್ದರೆ ಅದನ್ನೇ ಬೇರೆ ಮಾತಿನಲ್ಲಿ ಹೇಳಿ. ನಿಮ್ಮಪ್ಪನಿಗೂ ಹಾಗೇ ಮಾಡು ಪುಟ್ಟಿ. ಅಡುಗೆಮನೆಯಿಂದ ಕೂಗಿ, ಮಿಷನ್ ಹಾಕಿದರೂ ಕೇಳಿಸಲ್ಲವಲ್ಲ ಅಂತ ಮುಖ ಸಣ್ಣ ಮಾಡಬೇಡ.

ಆ ಬೀರುವಿನಲ್ಲಿ ಅಮ್ಮನ ಕನ್ನಡಿ ಇತ್ತು. ಇರಲಿ ಬಿಡು.

ಅಯ್ಯೋ, ನೀನು ಕೇಳಿದ್ದನ್ನೇ ಬಿಟ್ಟೆ. ಕುಂಯ್ ಅನ್ನುವುದು.

ಅದು ಕೆಟ್ಟಿಲ್ಲ. ಬಹಳ ಮಟ್ಟಿಗೆ ಮೋಲ್ಡ್ ಸರಿಯಾಗಿ ಕೂತಿಲ್ಲ, ಅಷ್ಟೇ. ಮಿಷನ್ನು ದೊಡ್ಡದು ಮಾಡಿ ಒಳಗೆ ಕಳಿಸಿದ ಶಬ್ದ, ಸಂದಿನಿಂದ ಹೊರಗೆ ಸೋರಿ, ಮತ್ತೆ ಅದರದೇ ಮೈಕಿಗೆ ಹೋಗುತ್ತದೆ. ಅದನ್ನು ಮತ್ತೆ ದೊಡ್ಡದು ಮಾಡುತ್ತದೆ. ಸಭೆಯಲ್ಲಿ ಮೈಕನ್ನು ಸ್ಪೀಕರಿನ ಹತ್ತಿರ ತಂದರೆ ಕಿರುಚುತ್ತದಲ್ಲ, ಅದೇ ಇದು. ನಿಮ್ಮಪ್ಪ ಏನು ಮಾಡುತ್ತಿದ್ದಾನೆ ನನಗೆ ಇಲ್ಲಿಂದಲೇ ಗೊತ್ತು. ಮೊದಲು ಮಿಷನ್ನನ್ನು ಕಿವಿಯ ಹಿಂದೆ ಸಿಕ್ಕಿಸಿ, ಆಮೇಲೆ ಮೋಲ್ಡನ್ನು ಸುಮ್ನೆ ಒತ್ತುತ್ತಾನೆ. ಉಲ್ಟಾ ಮಾಡಬೇಕು. ಕೆಂಪು ಗುರುತಿನದು ಬಲಗಿವಿಗೆ, ನೀಲಿ ಎಡಗಿವಿಗೆ, ಮೊದಲು ಅದನ್ನು ನೋಡು, ಅದಲು ಬದಲು ಆಗಿದ್ದರೂ ಕೂಗುತ್ತದೆ. ಸೆಲ್ಲಿನ ಬಾಗಿಲು ತೆಗೆದೇ ಇರಲಿ, ಆಗ ಮಿಷನ್ ಆಫ್ ಇರುತ್ತದೆ. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಸ್ವಲ್ಪ ಎಳೆದು ಹಿಡಿ. ಮೋಲ್ಡಿನ ಚೂಪು ತುದಿಯನ್ನು ತೂತಿಗೆ ಇಟ್ಟು, ಹಿಂದಕ್ಕೆ ಒಂಚೂರು ತಿರುಗಿಸಿ ಒಳಕ್ಕೆ ಕೂರಿಸು. ಮೇಲಿನ ಕೊಂಕು ಕಿವಿಯ ಮಡಿಕೆಯ ಅಡಿಗೆ ಹೋಗಬೇಕು. ತುಂಬಾ ಜನರಿಗೆ ಆ ಕೊಂಕೇ ಹೊರಗೆ ಉಳಿದಿರುತ್ತದೆ. ಅದಾದ ಮೇಲೆ ಮಿಷನ್ನನ್ನು ಹಿಂದೆ ಹಾಕು. ಬಾಗಿಲು ಮುಚ್ಚು.

ಇಷ್ಟಾದರೂ ಕೂಗಿದರೆ ಹೊರಗೆ ತೆಗೆದು, ಆನ್ ಇರುವಾಗಲೇ ಮೋಲ್ಡಿನ ತುದಿಯ ತೂತನ್ನು ಹೆಬ್ಬೆರಳಲ್ಲಿ ಬಿಗಿಯಾಗಿ ಮುಚ್ಚಿ ನೋಡು. ಕೂಗು ನಿಂತರೆ ಮಿಷನ್ನೂ, ಅದರಿಂದ ಮೋಲ್ಡಿಗೆ ಬರುವ ಟ್ಯೂಬೂ ಚೆನ್ನಾಗಿವೆ, ಸೋರುತ್ತಿರುವುದು ಕಿವಿ ಕಡೆ. ಒಂದೋ ಮೋಲ್ಡ್ ಸಡಿಲ, ಇಲ್ಲವೇ ಕಿವಿಯಲ್ಲಿ ಗುಗ್ಗೆ ತುಂಬಿ ಶಬ್ದ ವಾಪಸ್ ಬರುತ್ತಿದೆ. ಗುಗ್ಗೆಯನ್ನು ಇಎನ್‌ಟಿ ಡಾಕ್ಟರ ಹತ್ತಿರವೇ ತೆಗೆಸು. ಮುಚ್ಚಿದರೂ ಕೂಗುತ್ತಿದ್ದರೆ ಟ್ಯೂಬು ಎಲ್ಲೋ ಬಿರುಕು ಬಿಟ್ಟಿದೆ, ಅಥವಾ ಅದನ್ನು ಮಿಷನ್ನಿಗೆ ಸಿಕ್ಕಿಸುವ ಹುಕ್ ಹತ್ತಿರ ಸಡಿಲ ಆಗಿದೆ. ದಿಂಬಿಗೆ ಒರಗಿದಾಗ, ಶಾಲು ತಾಗಿದಾಗ ಕುಂಯ್ ಅಂದರೆ ತಲೆ ಕೆಡಿಸಿಕೊಳ್ಳಬೇಡ, ಅದು ಎಲ್ಲರಿಗೂ ಆಗುತ್ತದೆ. ಫೋನನ್ನು ಕಿವಿ ತೂತಿಗೆ ಒತ್ತಿ ಹಿಡಿಯುವುದೂ ಬೇಡ. ಮೈಕು ಇರುವುದು ಮೇಲೆ, ಕಿವಿಯ ನೆತ್ತಿಯಲ್ಲಿ. ಅಲ್ಲಿಗೆ ಹಿಡಿಯಬೇಕು.

ಡ್ರಾಯರಿನಿಂದ ಇವತ್ತೇ ತೆಗೆಸು. ಮೊದಮೊದಲು ಅವನದೇ ದನಿ ಅವನಿಗೆ ಗುಂಯ್ ಅನ್ನುತ್ತದೆ, ಪೇಪರ್ ಮಗುಚಿದರೂ ರೇಗುತ್ತದೆ. ಇಷ್ಟು ವರ್ಷ ಕೇಳದ ಶಬ್ದಕ್ಕೆ ತಲೆ ಹೊಂದಿಕೊಳ್ಳಲು ವಾರಗಟ್ಟಲೆ ಬೇಕು. ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರೇ ಎದುರು ಕೂತು, ದಿನಕ್ಕೆ ಸ್ವಲ್ಪ ಹೊತ್ತಿನಿಂದ ಶುರು ಮಾಡಿ ಜಾಸ್ತಿ ಮಾಡುತ್ತಾ ಹೋಗಲಿ. ನೋವಾದರೆ, ಕಿವಿ ಸೋರಿದರೆ ಮಾತ್ರ ಹಟ ಮಾಡದೆ ತೆಗೆದು ಡಾಕ್ಟರಿಗೆ ತೋರಿಸಬೇಕು.

ಉಳಿದದ್ದು ಚೂರುಪಾರು. ರಾತ್ರಿ ಸೆಲ್ಲಿನ ಬಾಗಿಲು ತೆಗೆದಿಡಿ. ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯೊಳಗೆ ಮಿಷನ್ ಇಡುವುದಾದರೆ ಸೆಲ್ ಹೊರಗೆ ತೆಗೆದು ಇಡಿ, ಅದೂ ಒಣಗಿಬಿಡುತ್ತದೆ. ಮಾತ್ರೆ ಪಕ್ಕದಲ್ಲಿ ಅಲ್ಲ, ಮತ್ತೆ ಹೇಳುತ್ತಿದ್ದೇನೆ, ಸೆಲ್ಲನ್ನು ಮಾತ್ರೆ ಪಕ್ಕದಲ್ಲಿ ಇಡಬೇಡಿ. ಸ್ನಾನಕ್ಕೆ ಹೋಗುವಾಗ ತೆಗೆಯಬೇಕು. ತಲೆಗೆ ಎಣ್ಣೆ, ಪೌಡರು, ಸ್ಪ್ರೇ ಏನಿದ್ದರೂ ಮುಗಿಸಿ ಆಮೇಲೆ ಹಾಕಬೇಕು. ಮೋಲ್ಡನ್ನು ಟ್ಯೂಬಿನ ಸಮೇತ ಹುಕ್ಕಿನಿಂದ ಬಿಡಿಸಿ, ವಾರಕ್ಕೊಮ್ಮೆ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು ರಾತ್ರಿಯೆಲ್ಲ ಒಣಗಿಸು. ಮಿಷನ್ನಿಗೆ ಮಾತ್ರ ಒಂದು ಹನಿ ನೀರೂ ಬೇಡ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒಂದು ದಿನ ಕುಂಯ್ ಇಲ್ಲ, ಮಾತೂ ಇಲ್ಲ ಅಂದರೆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡು. ತೇವದ ಹನಿಯೊಂದು ಅಡ್ಡ ನಿಂತಿರಬಹುದು. ಹುಕ್ಕಿನಿಂದ ಬಿಡಿಸಿ, ಊದುವ ರಬ್ಬರ್ ಬುಡ್ಡೆಯಿಂದ ಒತ್ತಿದರೆ ಹಾರಿಹೋಗುತ್ತದೆ. ಕೆಲವು ತಿಂಗಳಿಗೆ ಟ್ಯೂಬು ಹಳದಿಯಾಗಿ ಗಟ್ಟಿಯಾಗುತ್ತದೆ, ಬದಲಾಯಿಸಿಕೊಡುತ್ತಾರೆ.

ವಾಪಸ್ ಕೊಡುವ ಮಾತು ಈಗ ಬೇಡ. ಮಿಷನ್ ಹಾಕಿಸಿಕೊಂಡೇ ಆಡಿಯಾಲಜಿಸ್ಟ್, ಅಂದರೆ ಕಿವಿ ಪರೀಕ್ಷೆ ಮಾಡಿ ಮಿಷನ್ ಹೊಂದಿಸಿಕೊಡುವವರ ಹತ್ತಿರ ಕರೆದುಕೊಂಡು ಹೋಗು, ಡಬ್ಬಿಯಲ್ಲಿ ಹಾಕಿಕೊಂಡು ಹೋಗಬೇಡ. ಯಾವಾಗ ಕೂಗುತ್ತದೆ, ಎಲ್ಲಿ ಮಾತು ತಿಳಿಯುವುದಿಲ್ಲ ಅಂತ ಚೀಟಿಯಲ್ಲಿ ಬರೆದುಕೊಂಡಿರು. ಕಂಪ್ಯೂಟರಿಗೆ ಹಾಕಿ ಹೊಂದಿಸಿಕೊಡುತ್ತಾರೆ, ಮೋಲ್ಡ್ ಸಡಿಲ ಇದ್ದರೆ ಹೊಸ ಅಚ್ಚು ತೆಗೆಯುತ್ತಾರೆ. ಅಲ್ಲಿ ನೀನೇ ಎಲ್ಲ ಮಾತಾಡಬೇಡ. ಕಿವಿ ಅವನದು, ಅವನೇ ಹೇಳಲಿ.