ಜನರೇಟರ್ ಟ್ರಾಲಿ ಎಳೆಯಲು ಡೀಸೆಲ್ ಪಿಕಪ್ಪೋ, ಪೆಟ್ರೋಲೋ?

ಭರಮಸಾಗರದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಎರಡು ಚಕ್ರದ ಟ್ರಾಲಿಯ ಮೇಲೆ ಕೂರಿಸಿದ 25 ಕೆವಿಎ ಜನರೇಟರ್ ಕೂಡ ಇದೆ. ಇಲ್ಲಿಯವರೆಗೆ ಸಾಮಾನಿಗೆ ಬಾಡಿಗೆ ಗಾಡಿ, ಜನರೇಟರ್ ಎಳೆಯಲು ಪಕ್ಕದ ಮನೆಯವರ ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಹೊಲಕ್ಕೆ ಹೋದ ದಿನ ನಮ್ಮ ಜನರೇಟರ್ ಅಂಗಳದಲ್ಲೇ ಕೂರುತ್ತದೆ, ಮದುವೆ ಮನೆಯವರು ಫೋನಿನಲ್ಲಿ ಕೂಗುತ್ತಾರೆ. ಸ್ವಂತ ಪಿಕಪ್ ಕೊಳ್ಳುವುದೆಂದು ತೀರ್ಮಾನಿಸಿದ್ದೇವೆ. ಮಗ ಸಣ್ಣ ಪೆಟ್ರೋಲ್ ಗಾಡಿ ಸಾಕು, ಬೆಲೆ ಕಡಿಮೆ, ತಲೆನೋವಿಲ್ಲ ಎನ್ನುತ್ತಾನೆ. ನನ್ನ ಮನಸ್ಸು ಡೀಸೆಲ್ ಕಡೆಗಿದೆ, ಆದರೆ ಈಗಿನ ಡೀಸೆಲ್ ಗಾಡಿಗಳ ರಿಪೇರಿ ಬಗ್ಗೆ ಕೇಳಿ ಹಿಂಜರಿಕೆ. ಓಡಾಟವೆಲ್ಲ ಸಿರಿಗೆರೆ, ಜಗಳೂರು, ಹೊಳಲ್ಕೆರೆ, ಆಗಾಗ ದಾವಣಗೆರೆ. ಆಷಾಢದಲ್ಲಿ ಗಾಡಿ ನಿಂತೇ ಇರುತ್ತದೆ. ಇಂಥ ಕೆಲಸಕ್ಕೆ ಗಾಡಿ ಇಟ್ಟಿರುವವರು ತಮ್ಮ ಅನುಭವ ತಿಳಿಸಿ.

ದಾವಣಗೆರೆಯ ಮಂಡಕ್ಕಿ ಸಾಗಣೆದಾರರು

ನನ್ನದು ಪೆಟ್ರೋಲ್ ಗಾಡಿ, ನೆಮ್ಮದಿಯಾಗಿದ್ದೇನೆ. ಆದರೆ ನನ್ನ ಸರಕು ಮಂಡಕ್ಕಿ. ಚೀಲಗಳನ್ನು ಗಾಡಿಯ ನೆತ್ತಿಗಿಂತ ಎತ್ತರಕ್ಕೆ ಪೇರಿಸಿದರೂ ತೂಕ ಎಷ್ಟಾದೀತು? ಭಟ್ಟಿಯಿಂದ ಅಂಗಡಿ, ಅಂಗಡಿಯಿಂದ ಭಟ್ಟಿ, ಊರೊಳಗೇ ದಿನವೆಲ್ಲ ನಿಂತು ನಿಂತು ಹೋಗುವ ಕೆಲಸ. ಅದಕ್ಕೆ ಪೆಟ್ರೋಲೇ ಸರಿ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಹೊರಟಿತು, ಸದ್ದಿಲ್ಲ, ಸರ್ವಿಸ್ ಖರ್ಚು ಕಡಿಮೆ. ಟ್ರಾಲಿ ಕಟ್ಟುವ ಧೈರ್ಯ ಮಾತ್ರ ನಾನು ಮಾಡುವುದಿಲ್ಲ.

ಹರಿಹರದ ಶಾಮಿಯಾನ ಮಾಲೀಕರು

ಅಣ್ಣ, ನಿಮ್ಮದೇ ಕಸುಬು ನಮ್ಮದೂ. ಡೀಸೆಲ್ ಪಿಕಪ್ ಹಿಂದೆ ಜನರೇಟರ್ ಕಟ್ಟಿಕೊಂಡು ನಾಯಕನಹಟ್ಟಿ ಜಾತ್ರೆಯವರೆಗೂ ಹೋಗಿದ್ದೇವೆ. ಇಂಧನದ ವಿಚಾರ ಕೊನೆಗಿಡಿ. ಮೊದಲು ನಿಮ್ಮ ಟ್ರಾಲಿ ಎಷ್ಟು ತೂಗುತ್ತದೆ ಎಂದು ತಿಳಿದುಕೊಳ್ಳಿ. ಸದ್ದಡಗಿಸುವ ಪೆಟ್ಟಿಗೆ, ಟ್ರಾಲಿಯ ಕಬ್ಬಿಣ, ತುಂಬಿದ ಡೀಸೆಲ್ ಟ್ಯಾಂಕ್, ಮೇಲೆ ಸುತ್ತಿಟ್ಟ ಕೇಬಲ್, ಎಲ್ಲ ಸೇರಿದಾಗ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಬರುತ್ತದೆ. ಎಪಿಎಂಸಿ ಹತ್ತಿರದ ಯಾವುದಾದರೂ ವೇಬ್ರಿಡ್ಜ್‌ನಲ್ಲಿ ತೂಗಿಸಿ ಚೀಟಿ ತೆಗೆದುಕೊಳ್ಳಿ.

ಎರಡನೆಯದು, ಕೊಂಡಿಯ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದು. ಇದನ್ನು ಯಾವ ಷೋರೂಮಿನವರೂ ಹೇಳುವುದಿಲ್ಲ. ನಮ್ಮ ಟ್ರಾಲಿಯನ್ನು ವೆಲ್ಡಿಂಗ್ ಅಂಗಡಿಯವರು ಮಾಡಿಕೊಟ್ಟಾಗ ಜನರೇಟರನ್ನು ಆಕ್ಸಲ್‌ಗಿಂತ ಹಿಂದಕ್ಕೆ ಕೂರಿಸಿದ್ದರು. ಊರೊಳಗೆ ಏನೂ ಗೊತ್ತಾಗಲಿಲ್ಲ. ಹೆದ್ದಾರಿಯಲ್ಲಿ ವೇಗ ಐವತ್ತು ಮುಟ್ಟಿದ ಕೂಡಲೇ ಟ್ರಾಲಿ ಎಡಕ್ಕೂ ಬಲಕ್ಕೂ ಬೀಸತೊಡಗಿತು, ಪಿಕಪ್ಪಿನ ಹಿಂಭಾಗವನ್ನೂ ಜೊತೆಗೆ ಎಳೆದಾಡಿತು. ಚಾಲಕ ಬ್ರೇಕ್ ಒತ್ತದೆ, ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆದು ಬದಿಗೆ ತಂದ. ಆಮೇಲೆ ಬೋಲ್ಟ್ ಬಿಚ್ಚಿ, ಜನರೇಟರನ್ನು ಒಂದು ಗೇಣು ಮುಂದಕ್ಕೆ ಸರಿಸಿ, ಹೊಸ ತೂತು ಕೊರೆಸಿ ಬಿಗಿದೆವು. ಈಗ ಬೀಸಾಟ ಇಲ್ಲ.

ಅಳೆಯುವುದು ಸುಲಭ. ಮೆಕ್ಕೆಜೋಳದ ಚೀಲ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ತಂದು, ಅದರ ಮೇಲೆ ಮರದ ದಿಮ್ಮಿ ಇಟ್ಟು, ಟ್ರಾಲಿಯ ಕೊಂಡಿಯನ್ನು ಗಾಡಿಗೆ ಕಟ್ಟಿದಾಗ ಇರುವ ಎತ್ತರಕ್ಕೇ ದಿಮ್ಮಿಯ ಮೇಲೆ ಕೂರಿಸಿ. ಟ್ರಾಲಿಯ ಒಟ್ಟು ತೂಕದ ಹತ್ತನೇ ಒಂದು ಭಾಗದಷ್ಟು ಕೊಂಡಿಯ ಮೇಲೆ ಬಿದ್ದರೆ ಸರಿ. ತೀರಾ ಕಡಿಮೆ ಇದ್ದರೆ ಟ್ರಾಲಿ ಬೀಸುತ್ತದೆ. ತೀರಾ ಹೆಚ್ಚಾದರೆ ಪಿಕಪ್ಪಿನ ಮೂತಿ ಮೇಲೆದ್ದು ಸ್ಟೀರಿಂಗ್ ಹಗುರಾಗುತ್ತದೆ. ಕೊಂಡಿಯ ಮೇಲಿನ ಈ ಭಾರವೂ ಗಾಡಿ ಹೊರುವ ಭಾರವೇ. ಕುರ್ಚಿ, ಪೈಪಿನ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಳ್ಳಿ. ಪಿನ್ ಜೊತೆಗೆ ಸುರಕ್ಷತಾ ಸರಪಳಿ ಇರಲಿ, ಟ್ರಾಲಿಯ ಹಿಂಬದಿ ದೀಪಗಳಿಗೆ ಗಾಡಿಯಿಂದ ವೈರ್ ಕೊಡಿಸಿ. ಮದುವೆ ಮುಗಿಸಿ ಮರಳುವುದು ರಾತ್ರಿ ಹೊತ್ತಿನಲ್ಲಿಯೇ ತಾನೆ?

ದಾವಣಗೆರೆ ಪಿ.ಬಿ. ರಸ್ತೆಯ ಮೆಕ್ಯಾನಿಕ್

ಎಳೆತದ ಮಾತಿಗೆ ಬರೋಣ. ಸಣ್ಣ ಪಿಕಪ್‌ಗಳಲ್ಲಿ ಬಲಶಾಲಿ ಪೆಟ್ರೋಲ್ ಎಂದರೆ ಮಾರುತಿಯ ಸೂಪರ್ ಕ್ಯಾರಿ. 1.2 ಲೀಟರ್ ಎಂಜಿನ್, ಸುಮಾರು 80 ಅಶ್ವಶಕ್ತಿ. ಮಹೀಂದ್ರ ಬೊಲೆರೊ ಪಿಕಪ್ಪಿನ 2.5 ಲೀಟರ್ ಡೀಸೆಲ್ ಎಂಜಿನ್ ಕೊಡುವುದು ಸುಮಾರು 75. ಕಾಗದದ ಮೇಲೆ ಪೆಟ್ರೋಲೇ ಗೆದ್ದಿತು! ಆದರೆ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ನೋಡಿ. ಪೆಟ್ರೋಲಿಗೆ 104 ನ್ಯೂಟನ್ ಮೀಟರ್, ಅದೂ ಎಂಜಿನ್ ನಿಮಿಷಕ್ಕೆ 2,900 ಸುತ್ತು ಮುಟ್ಟಿದ ಮೇಲೆ. ಡೀಸೆಲ್ಲಿಗೆ 195ರಿಂದ 200, ಅದೂ 1,400 ಸುತ್ತಿನಿಂದಲೇ. ನಿಂತ ಭಾರವನ್ನು ಅಲುಗಾಡಿಸುವುದು ಈ ಕೆಳಸುತ್ತಿನ ಟಾರ್ಕ್. ಕಲ್ಯಾಣ ಮಂಟಪದ ಹಿಂದಿನ ಕೆಸರು, ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಹತ್ತುವ ಏರು, ಇಂಥಲ್ಲಿ ಪೆಟ್ರೋಲ್ ಗಾಡಿಯವನು ಎಂಜಿನ್ ಅಬ್ಬರಿಸಿ ಹಾಫ್ ಕ್ಲಚ್‌ನಲ್ಲಿ ಎಳೆಯುತ್ತಾನೆ. ಸುಟ್ಟ ವಾಸನೆ ಬಂತೆಂದರೆ ಅದು ಕ್ಲಚ್ ಪ್ಲೇಟ್.

ಡೀಸೆಲ್ ಹೆಚ್ಚು ಮೈಲೇಜ್ ಕೊಡುವುದಕ್ಕೂ ಕಾರಣವಿದೆ. ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶೇ 10ರಿಂದ 15ರಷ್ಟು ಹೆಚ್ಚು ಶಕ್ತಿ ಅಡಗಿದೆ. ಡೀಸೆಲ್ ಎಂಜಿನ್ ಗಾಳಿಯನ್ನು ಹೆಚ್ಚು ಅದುಮಿ ಸುಡುವುದರಿಂದ ಆ ಶಕ್ತಿಯಲ್ಲಿ ಹೆಚ್ಚಿನ ಪಾಲು ಚಕ್ರಕ್ಕೆ ತಲುಪುತ್ತದೆ. ಈಗಿನ ಪೆಟ್ರೋಲ್‌ಗೆ ಶೇ 20ರವರೆಗೆ ಎಥನಾಲ್ ಬೆರೆಸುತ್ತಾರೆ. ಎಥನಾಲ್‌ನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಲೀಟರ್‌ಗೆ ಶೇ 6-7ರಷ್ಟು ಶಕ್ತಿ ಅಲ್ಲೇ ಕಡಿತ.

ಇನ್ನು ನಿಮ್ಮ ಹಿಂಜರಿಕೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಬಹುತೇಕ ಡೀಸೆಲ್ ಗಾಡಿಗಳ ಹೊಗೆನಳಿಕೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಎನ್ನುತ್ತೇವೆ. ಎಂಜಿನ್ ಚೆನ್ನಾಗಿ ಕಾದು ಸ್ವಲ್ಪ ಹೊತ್ತು ಒಂದೇ ಸಮನೆ ಓಡಿದರೆ ಅದರೊಳಗಿನ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಊರೊಳಗೇ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಅದು ಕಟ್ಟಿಕೊಳ್ಳುತ್ತದೆ, ದೀಪ ಹೊತ್ತಿಕೊಳ್ಳುತ್ತದೆ, ಬಿಲ್ ಬರುತ್ತದೆ. ನನ್ನ ಗ್ಯಾರೇಜಿಗೆ ಈ ದೂರು ಹೊತ್ತು ಬರುವವರಲ್ಲಿ ಊರೊಳಗಿನ ಗಾಡಿಗಳೇ ಹೆಚ್ಚು. ನಿಮಗೆ ಭರಮಸಾಗರದಿಂದ ಯಾವ ಕಡೆ ಹೊರಟರೂ ಹೆದ್ದಾರಿ ಸಿಗುತ್ತದೆ, ಹೆದರಬೇಕಿಲ್ಲ. ಫಿಲ್ಟರ್ ದೀಪ ಹೊತ್ತಿದರೆ ಎಂಜಿನ್ ಆರಿಸಬೇಡಿ, ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಓಡಿಸಿಕೊಂಡು ಬನ್ನಿ. ಕೆಲವು ಮಾದರಿಗಳಿಗೆ ಹೊಗೆ ಶುದ್ಧಿ ಮಾಡುವ ಯೂರಿಯಾ ದ್ರಾವಣವನ್ನೂ ಬೇರೆ ಟ್ಯಾಂಕಿಗೆ ತುಂಬಬೇಕು. ಕೊಳ್ಳುವಾಗಲೇ ಕೇಳಿ. ಹೊಲದ ಯೂರಿಯಾವನ್ನು ನೀರಿಗೆ ಕದಡಿ ಹಾಕುವ ಬುದ್ಧಿವಂತರಿದ್ದಾರೆ, ಅವರ ಮಾತು ಕೇಳಬೇಡಿ.

ಚಿತ್ರದುರ್ಗದ ನಿವೃತ್ತ ಲೆಕ್ಕಾಧಿಕಾರಿ

ದುಡ್ಡಿನ ಲೆಕ್ಕವನ್ನು ಯಾರೂ ಬಿಡಿಸಿಲ್ಲ. ಪೆಟ್ರೋಲ್ ಲೀಟರ್‌ಗೆ 103, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಳ್ಳೋಣ. ಭಾರ ಹೊತ್ತ ಸಣ್ಣ ಪೆಟ್ರೋಲ್ ಗಾಡಿ 13 ಕಿಲೋಮೀಟರ್ ಕೊಟ್ಟರೆ ಕಿಲೋಮೀಟರ್‌ಗೆ 7 ರೂಪಾಯಿ 92 ಪೈಸೆ. ಭಾರ ಹೊತ್ತ ದೊಡ್ಡ ಡೀಸೆಲ್ ಪಿಕಪ್ 11 ಕೊಟ್ಟರೆ 8 ರೂಪಾಯಿ 27 ಪೈಸೆ. ಅಂದರೆ ಡೀಸೆಲ್ ಅಗ್ಗ ಎಂಬುದು ಗಾಡಿಯ ಗಾತ್ರ ಒಂದೇ ಆಗಿದ್ದಾಗ ಮಾತ್ರ ನಿಜ. ಮಗನ ಮಾತಿನಲ್ಲಿ ಹುರುಳಿದೆ.

ಆದರೆ ಸೂಪರ್ ಕ್ಯಾರಿಯ ಪೆಟ್ರೋಲ್ ಗಾಡಿ ಹೊರುವುದು 740 ಕಿಲೊ. ದೊಡ್ಡ ಡೀಸೆಲ್ ಪಿಕಪ್‌ಗಳಲ್ಲಿ ಹಲವು 1,300ರಿಂದ ಮೇಲೆ. ನಿಮ್ಮ ಪೈಪು, ಬಟ್ಟೆ, ಕುರ್ಚಿ, ಪಾತ್ರೆ ಒಂದೇ ಸಲಕ್ಕೆ ಹೋಗುವಂತಿದ್ದರೆ ಡೀಸೆಲ್‌ನ ಒಂದು ಸುತ್ತಿಗೆ ಪೆಟ್ರೋಲ್‌ನ ಎರಡು ಸುತ್ತು ಬೇಕು. ಜಗಳೂರಿಗೆ ಎರಡು ಸಲ ಹೋಗಿ ಬಂದರೆ ಮೇಲಿನ ಮೂವತ್ತೈದು ಪೈಸೆಯ ಉಳಿತಾಯ ಎಲ್ಲಿ ಉಳಿಯಿತು? ಕಂತಿನ ಹಣ ಮಾತ್ರ ಡೀಸೆಲ್‌ಗೆ ಹೆಚ್ಚು, ಆಷಾಢದಲ್ಲಿಯೂ ಬ್ಯಾಂಕಿನವರು ಬಿಡುವುದಿಲ್ಲ.

ಯೂಟ್ಯೂಬ್‌ನಲ್ಲಿ ಅಮೆರಿಕದ ಪಿಕಪ್‌ಗಳ ಹೋಲಿಕೆ ನೋಡಿ ಮಗ ವಾದ ಮಾಡುತ್ತಿದ್ದರೆ ಒಂದು ಮಾತು. ಅಲ್ಲಿ ಡೀಸೆಲ್ ಬೆಲೆ ಸಾಮಾನ್ಯವಾಗಿ ಪೆಟ್ರೋಲಿಗಿಂತ ಹೆಚ್ಚು, ಡೀಸೆಲ್ ಎಂಜಿನ್ ಬೇಕೆಂದರೆ ಗಾಡಿಗೆ ಸಾವಿರಾರು ಡಾಲರ್ ಜಾಸ್ತಿ. ಮೇಲಾಗಿ ಅಲ್ಲಿಯ ಪೆಟ್ರೋಲ್ ಎಂಜಿನ್ ನಮ್ಮ 1.2 ಲೀಟರಿನದಲ್ಲ. ಫೋರ್ಡ್‌ನ ದೊಡ್ಡ ಪಿಕಪ್‌ಗೆ 7.3 ಲೀಟರಿನ ಪೆಟ್ರೋಲ್ ಎಂಜಿನ್ ಬರುತ್ತದೆ, ಟಾರ್ಕ್ ಸುಮಾರು 650 ನ್ಯೂಟನ್ ಮೀಟರ್. ಅದೇ ಗಾಡಿಯ 6.7 ಲೀಟರಿನ ಬಲವಾದ ಡೀಸೆಲ್ ಎಂಜಿನ್‌ನಲ್ಲಿ 1,400ಕ್ಕೂ ಹೆಚ್ಚು. ಅಂಥಲ್ಲಿ ಕುದುರೆ ಸಾಗಿಸುವ ಟ್ರಾಲಿ ಎಳೆಯಲು ಪೆಟ್ರೋಲ್ ಸಾಕೇ ಎಂಬ ಚರ್ಚೆಗೆ ಅರ್ಥವಿದೆ. ನಮ್ಮಲ್ಲಿ ಒಂದು ಟನ್ನಿಗಿಂತ ಹೆಚ್ಚು ಹೊರುವ ಪಿಕಪ್ ಹುಡುಕಿದರೆ ಸಿಗುವುದು ಬಹುತೇಕ ಡೀಸೆಲ್, ಇಲ್ಲವೇ ಸಿಎನ್‌ಜಿ.

ಕಾಗದಪತ್ರವನ್ನೂ ಈಗಲೇ ನೋಡಿಕೊಳ್ಳಿ. ಕಾನೂನಿನ ಕಣ್ಣಿಗೆ ಟ್ರಾಲಿಯೂ ಮೋಟಾರು ವಾಹನವೇ, ಅದರ ನೋಂದಣಿ ಮತ್ತು ವಿಮೆಯ ಬಗ್ಗೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಹೊರೆ ಸೇರಿ ಒಟ್ಟು ತೂಕ 3,000 ಕಿಲೊ ದಾಟದ ಸರಕು ವಾಹನಕ್ಕೆ ಪರ್ಮಿಟ್ ಬೇಡ, ದಾಟಿದರೆ ಬೇಕು. ಪಿಕಪ್‌ಗಳಲ್ಲಿ ಈ ಗೆರೆಯ ಆಚೆಯವೂ ಇವೆ, ಈಚೆಯವೂ ಇವೆ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೊವರೆಗಿನ ಸರಕು ವಾಹನ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ, ಚಾಲಕನ ಚಿಂತೆ ಅಷ್ಟರಮಟ್ಟಿಗೆ ಕಡಿಮೆ. ಡೀಸೆಲ್ ಗಾಡಿಗೆ ಹತ್ತೇ ವರ್ಷ ಎಂಬ ಮಾತು ದೆಹಲಿ ಸುತ್ತಮುತ್ತಲಿನದು, ಇಲ್ಲಿಯದಲ್ಲ.

ಚಳ್ಳಕೆರೆಯ ಈರುಳ್ಳಿ ಸಾಗಣೆದಾರರು

ಇಷ್ಟೆಲ್ಲ ಮಾತಿನ ನಡುವೆ ಒಂದು ಸಣ್ಣ ಸಂದೇಹ. ಟ್ರಾಲಿಯೇ ಏಕೆ? ಜನರೇಟರನ್ನು ಡೀಸೆಲ್ ಪಿಕಪ್ಪಿನ ಮೇಲೆಯೇ ಬಿಗಿದುಬಿಡಿ. ನಾನು ಬೆಂಗಳೂರಿಗೆ ಈರುಳ್ಳಿ ಹೊಡೆಯುತ್ತೇನೆ, ಪೂರ್ತಿ ಲೋಡ್‌ನಲ್ಲಿ ಹಿರಿಯೂರು ದಾಟಿದ ಮೇಲೂ ಗಾಡಿ ಏದುಸಿರು ಬಿಡದೆ ಹೋಗುತ್ತದೆ. ಹೊತ್ತ ಭಾರಕ್ಕೆ ಗಾಡಿಯ ಬ್ರೇಕ್ ಇದೆ. ಎಳೆದ ಭಾರಕ್ಕೆ ಏನಿದೆ?

ಹರಿಹರದ ಶಾಮಿಯಾನ ಮಾಲೀಕರು

ಮದುವೆ ಮನೆಯಲ್ಲಿ ಜನರೇಟರ್ ರಾತ್ರಿಯಿಡೀ ನಿಲ್ಲಬೇಕು ಅಣ್ಣ. ಟ್ರಾಲಿಯಾದರೆ ಪಿನ್ ಕಿತ್ತು ಅಲ್ಲಿಯೇ ಬಿಟ್ಟು, ಗಾಡಿಯನ್ನು ಮುಂದಿನ ಊರಿನ ಕುರ್ಚಿಗೆ ಕಳಿಸಬಹುದು. ಮೇಲೆ ಬಿಗಿದರೆ ಗಾಡಿಯೂ ಅಲ್ಲೇ ಕಾವಲು. ಆದರೆ ಬ್ರೇಕಿನ ಮಾತು ಒಪ್ಪತಕ್ಕದ್ದೇ. ಟ್ರಾಲಿ ಹಿಂದಿನಿಂದ ನೂಕಿದಾಗ ಕೊಂಡಿ ಒಳಕ್ಕೆ ಸರಿದು ಟ್ರಾಲಿಯ ಚಕ್ರಕ್ಕೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ ಇದೆ, ನಾವು ಅದನ್ನು ಹಾಕಿಸಿದ್ದೇವೆ. ಹಾಗಿದ್ದರೂ ಟ್ರಾಲಿ ಹಿಂದಿದ್ದಾಗ ನಮ್ಮ ಚಾಲಕ ಐವತ್ತು ದಾಟುವುದಿಲ್ಲ, ಮೈಲೇಜ್ ಒಂಬತ್ತರ ಆಸುಪಾಸು.

ಭರಮಸಾಗರದವರು

ಎಲ್ಲರಿಗೂ ಧನ್ಯವಾದ. ಟ್ರಾಲಿ ತೂಗಿಸಿದೆ. 1,340 ಕಿಲೊ ಬಂತು, ನಾನು ಒಂದು ಟನ್ ಎಂದುಕೊಂಡಿದ್ದೆ. ಚೀಟಿ ನೋಡಿ ಮಗ ಸುಮ್ಮನಾದ. ಹೊಸ ಡೀಸೆಲ್ ಗಾಡಿಯ ಕಂತು ಭಾರ ಎನಿಸುತ್ತದೆ, ಬಿಎಸ್6 ಬಂದ ಮೇಲಿನ ಸೆಕೆಂಡ್ ಹ್ಯಾಂಡ್ ನೋಡಬಹುದೇ?

ದಾವಣಗೆರೆ ಪಿ.ಬಿ. ರಸ್ತೆಯ ಮೆಕ್ಯಾನಿಕ್

1,340 ಎಂದಮೇಲೆ ಸಣ್ಣ ಪೆಟ್ರೋಲ್ ಗಾಡಿಯ ಮಾತು ಮುಗಿಯಿತು ಸರ್. ಅದರ ಸ್ವಂತ ತೂಕವೇ 900 ಕಿಲೊ ಆಸುಪಾಸು, ಇಳಿಜಾರಿನಲ್ಲಿ ಟ್ರಾಲಿಯೇ ಗಾಡಿಯನ್ನು ಓಡಿಸುತ್ತದೆ. ಮೇಕೆಗೆ ನೊಗ ಕಟ್ಟಿದಂತಾದೀತು. ಡೀಸೆಲ್ ಪಿಕಪ್ ಕೂಡ ಖಾಲಿಯಾಗಿ ಹೋಗುವುದಕ್ಕಿಂತ ಸ್ವಲ್ಪ ಸಾಮಾನು ಹೇರಿಕೊಂಡು ಎಳೆದರೆ ಹಿಂದಿನ ಚಕ್ರಕ್ಕೆ ಹಿಡಿತ ಸಿಗುತ್ತದೆ. ಎಳೆಯುವ ತೂಕ ಎಷ್ಟೆಂದು ಆ ಮಾದರಿಯ ಕೈಪಿಡಿಯಲ್ಲಿ ನೋಡಿ, ಬರೆದಿಲ್ಲವಾದರೆ ಕಂಪನಿಯಿಂದ ಲಿಖಿತವಾಗಿ ಕೇಳಿ.

ಸೆಕೆಂಡ್ ಹ್ಯಾಂಡ್ ನೋಡಬಹುದು. ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಹೊಗೆನಳಿಕೆಯ ತುದಿಗೆ ಬೆರಳು ಹಾಕಿ. ಫಿಲ್ಟರ್ ಇರುವ ಗಾಡಿಯಲ್ಲಿ ಕಪ್ಪು ಮಸಿ ದಪ್ಪಗೆ ಅಂಟಿದರೆ ಯಾರೋ ಫಿಲ್ಟರ್ ಕಿತ್ತುಹಾಕಿದ್ದಾರೆ ಅಥವಾ ಅದು ಒಡೆದಿದೆ. ನಾಲ್ಕನೇ ಗೇರ್‌ನಲ್ಲಿ ನಿಧಾನಕ್ಕೆ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಒತ್ತಿ, ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಹೋಗಿದೆ. ಹಿಂದಿನ ಪಟ್ಟಿ ಸ್ಪ್ರಿಂಗ್‌ಗೆ ಹೊಸದಾಗಿ ಪಟ್ಟಿ ಸೇರಿಸಿದ್ದರೆ ಮಿತಿಮೀರಿ ಹೇರಿದ ಗಾಡಿ ಎಂದು ತಿಳಿಯಿರಿ. ನೋಂದಣಿಯಾಗಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಫಿಟ್‌ನೆಸ್ ತಪಾಸಣೆ, ಆಮೇಲೆ ಪ್ರತಿ ವರ್ಷ. ಆ ದಿನಾಂಕ ಹತ್ತಿರವಿದ್ದರೆ ಅದನ್ನು ಮಾಡಿಸಿಕೊಡುವಂತೆ ಮಾರುವವರಿಗೇ ಹೇಳಿ.