ಕ್ಯಾಲಿಫೋರ್ನಿಯಾ: ಶಾಸಕರ ಅವಧಿಗೆ ಮತದಾರರೇ ಮಿತಿ ಹಾಕುವುದು ಹೇಗೆ?

ಪ್ರಶ್ನೆ: 1990ರ ಪ್ರೊಪೊಸಿಷನ್ 140 (ಮತದಾರರು ನೇರವಾಗಿ ಮತ ಹಾಕಿ ತೀರ್ಮಾನಿಸುವ ಪ್ರಸ್ತಾವ) ರಾಜ್ಯದ ಶಾಸಕರ ಅವಧಿಗೆ ಮಿತಿ ಹಾಕಿತು. ಇಂಥದ್ದನ್ನು ಮತಪತ್ರಕ್ಕೆ ತರಲು ಎಷ್ಟು ಸಹಿ ಬೇಕು? ಅಮೆರಿಕ ಸಂಸತ್ತಿನ ಸದಸ್ಯರಿಗೂ ಅನ್ವಯವೇ?

ಉತ್ತರ 1: ಇದು ಸಂವಿಧಾನ ತಿದ್ದುಪಡಿ, ಹಾಗಾಗಿ ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 8ರಷ್ಟು ಸಹಿ, ಮಾಮೂಲಿ ಕಾನೂನಿಗಾದರೆ ಶೇ. 5 ಸಾಕು. ಮೊದಲು ಕರಡನ್ನು ರಾಜ್ಯದ ಅಟಾರ್ನಿ ಜನರಲ್ (ಮುಖ್ಯ ಕಾನೂನು ಅಧಿಕಾರಿ) ಕಚೇರಿಗೆ 2,000 ಡಾಲರ್ ಶುಲ್ಕದೊಂದಿಗೆ ಕೊಡಬೇಕು. ಶೀರ್ಷಿಕೆ, ಸಾರಾಂಶ ಬಂದ ಮೇಲೆ ಸಹಿ ಸಂಗ್ರಹಕ್ಕೆ 180 ದಿನ.

ಉತ್ತರ 2: ಸಹಿಗಳು ತಿರಸ್ಕಾರವಾಗುವುದು ಪರಿಶೀಲನೆಯಲ್ಲಿ. ಪ್ರತಿ ಕೌಂಟಿಯೂ (ನಮ್ಮ ಜಿಲ್ಲೆಯಂಥದ್ದು) ತನಗೆ ಬಂದ ಸಹಿಗಳಲ್ಲಿ ಶೇ. 3 ಅಥವಾ 500 ಸಹಿ, ಯಾವುದು ಹೆಚ್ಚೋ ಅಷ್ಟನ್ನು ಮತದಾರರ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಸರಿಯಾದ ಸಹಿಗಳ ಅಂದಾಜು ಬೇಕಾದ್ದರ ಶೇ. 110 ದಾಟಿದರೆ ಪಾಸು, 95ಕ್ಕಿಂತ ಕಡಿಮೆಯಾದರೆ ಕತೆ ಮುಗಿಯಿತು, ನಡುವೆ ಬಂದರೆ ಪೂರ್ತಿ ಎಣಿಕೆ. ಒಬ್ಬರೇ ಎರಡು ಸಲ ಸಹಿ ಮಾಡಿದ್ದು ಶೇ. 3ರ ಮಾದರಿಯಲ್ಲಿ ಸಿಕ್ಕಿತೋ, ಲೆಕ್ಕದ ಸೂತ್ರದಿಂದ ಸುಮಾರು ಸಾವಿರ ಸಹಿ ಒಂದೇ ಏಟಿಗೆ ಹೋಗುತ್ತದೆ. ವಿಳಾಸವನ್ನು ಮತದಾರರೇ ಬರೆಯಬೇಕು, ಅಂಚೆ ಪೆಟ್ಟಿಗೆ ಸಂಖ್ಯೆ ನಡೆಯದು. ಬೇಕಾದ್ದಕ್ಕಿಂತ ಧಾರಾಳವಾಗಿ ಹೆಚ್ಚು ಸಂಗ್ರಹಿಸಿ.

ಉತ್ತರ 3: ಸಂಸತ್ತಿಗೆ ಅನ್ವಯಿಸುವುದಿಲ್ಲ. ಅರ್ಕಾನ್ಸಾಸ್ ರಾಜ್ಯದ ಮತದಾರರು 1992ರಲ್ಲಿ ತಮ್ಮ ಸಂಸತ್ ಸದಸ್ಯರಿಗೆ ಹಾಕಿದ ಮಿತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1995ರಲ್ಲಿ 5–4ರಿಂದ ತಳ್ಳಿಹಾಕಿತು. ಇನ್ನು ಪ್ರೊಪೊಸಿಷನ್ 140ರ ಮಿತಿ ರಾಜ್ಯದ ಕೆಳಮನೆ ಅಸೆಂಬ್ಲಿಗೆ 6, ಮೇಲ್ಮನೆ ಸೆನೆಟ್‌ಗೆ 8 ವರ್ಷ ಇತ್ತು. ಕೆಲಸ ಕಲಿಯುವಷ್ಟರಲ್ಲಿ ಅಸೆಂಬ್ಲಿ ಸದಸ್ಯರು ಸೆನೆಟ್ ಸೀಟು ಹುಡುಕುತ್ತಿದ್ದರು. 2012ರ ಪ್ರೊಪೊಸಿಷನ್ 28 ಎರಡೂ ಸದನ ಸೇರಿ 12 ವರ್ಷ ಎಂದಿತು, ಒಂದೇ ಸದನದಲ್ಲಿ ಕಳೆದರೂ ಸರಿ. ನನ್ನ ಮಟ್ಟಿಗೆ ಇದೇ ಮೇಲು.

ಉತ್ತರ 4: ನಮ್ಮಲ್ಲೂ ಹೀಗೆ ಮಾಡೋಣವೆಂದು ಕರ್ನಾಟಕದಲ್ಲಿ ಸಹಿ ಸಂಗ್ರಹಿಸಿ ಫಲವಿಲ್ಲ, ಭಾರತದಲ್ಲಿ ಸಂವಿಧಾನ ತಿದ್ದುಪಡಿ 368ನೇ ವಿಧಿಯಡಿ ಸಂಸತ್ತಿನಲ್ಲೇ ಆರಂಭವಾಗಬೇಕು.